ಮತ್ತಿಯ ಆಹಾರ

"ಮತ್ತಿ ಏನು ತಿನ್ನುತ್ತದೆ?" ಎಂದು ಕೊಚ್ಚಿಯಿಂದ ಬಂದಿದ್ದ ಪ್ರೊಫೆಸರು ಕೇಳಿದಾಗ ವಾರಿಜಾಳಿಗೆ ನಗುವೇ ಬಂತು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಸೀಟು ಕೇಳಲು ಬಂದವಳಿಗೆ ಕೇಳುವ ಪ್ರಶ್ನೆಯೇ ಇದು?

"ತಿನ್ನುವುದಿಲ್ಲ ಸರ್. ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ."

ತಿರುವನಂತಪುರದ ಆ ಕಾಲೇಜಿನ ಕೋಣೆಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಕುಂಬಳೆ ಕಡೆಯ ಭಟ್ಟರ ಮಗಳಿಗೆ ಮತ್ತಿಯೆಂದರೆ ಮರ, ಮನೆಯ ಜಂತಿಗೆ ಹಾಕುವ ಮರ. ಊರಲ್ಲಿ ಬೂತಾಯಿ, ಇಲ್ಲಿ ಚಾಳ ಎನ್ನುವ ಮೀನಿಗೆ ಕೊಚ್ಚಿಯವರು ಮತ್ತಿ ಎನ್ನುತ್ತಾರೆಂದು ಮೀನೇ ಹೊಗದ ಮನೆಯ ಹುಡುಗಿಗೆ ಹೇಳುವವರಾದರೂ ಯಾರು, ಪಾಪ!

ನಗದೆ ಕೂತಿದ್ದವರು ಆ ಪ್ರೊಫೆಸರು ಒಬ್ಬರೇ. ಈ ಮೀನಿನ ಹೊಟ್ಟೆ ತುಂಬ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಮೀನು ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಗಿಡ ಬಲ್ಲವರು ಬೇಕು ಎಂದು ಸೀಟು ಕೊಟ್ಟುಬಿಟ್ಟರು.

ಮಗಳು ಮತ್ತಿಯ ಮೇಲೆ ಸಂಶೋಧನೆ ಮಾಡುತ್ತಾಳೆಂದು ಕೇಳಿ ಚಂದ್ರಾವತಿಯಮ್ಮನಿಗೆ ಹಿಗ್ಗೋ ಹಿಗ್ಗು. ಒಳ್ಳೆ ಜಾತಿಯ ಮರ, ಗೆದ್ದಲು ಹತ್ತುವುದಿಲ್ಲ ಎಂದು ಅಕ್ಕಪಕ್ಕಕ್ಕೆಲ್ಲ ಹೇಳಿದರು. ಸರ್ಕಾರಿ ಕಚೇರಿಯಲ್ಲಿ ಮಲಯಾಳ ಕಲಿತಿದ್ದ ಗಣಪತಿ ಭಟ್ಟರು ಮಗಳನ್ನು ಜಗಲಿಗೆ ಕರೆದರು.

"ನಾನು ಹೇಳ್ಲಿಕ್ಕಿಲ್ಲ, ನೀನೂ ಹೇಳ್ಬೇಡ. ಅಮ್ಮನಿಗೆ ಗೊತ್ತಾದ್ರೆ ನಿನ್ನ ಕಲಿಯುವಿಕೆ ಅಲ್ಲಿಗೇ ಮುಗೀತು."

ಆಹಾ, ಕೊಚ್ಚಿಯ ಆ ದಿನಗಳು! ಇಡೀ ಪ್ರಯೋಗಶಾಲೆಗೆ ಒಳ್ಳೆಯದೊಂದೇ ಸೂಕ್ಷ್ಮದರ್ಶಕ, ಅದಕ್ಕೆ ಸರದಿ. ಕಿಟಕಿಯಾಚೆ ಮಟ್ಟಾಂಚೇರಿಗೆ ಹೋಗುವ ಬೋಟುಗಳು, ಗಾಳಿಗೆ ಬರುವ ಶುಂಠಿಯ ವಾಸನೆ. ಮೊದಲ ಮೀನು ಕೊಯ್ದ ದಿನ ವಾರಿಜಾ ಊಟ ಬಿಟ್ಟಳು. ಆಮೇಲೆ ಮಸೂರದ ಕೆಳಗೆ ಆ ಪಾಚಿ ಗಾಜಿನ ಬಳೆಚೂರಿನ ಹಾಗೆ ಹೊಳೆದದ್ದು ಕಂಡು ಹಸಿವೆಯೇ ಮರೆತಳು. ಅಷ್ಟು ಸುಖ ಅವಳಿಗೆ ಮುಂದೆ ಯಾವ ಕೆಲಸದಲ್ಲೂ ಸಿಗಲಿಲ್ಲ.

ಓಣಂ ರಜೆಗೆ ಮನೆಗೆ ಬಂದಾಗ ಅಮ್ಮ ತಲೆಗೆ ಎಣ್ಣೆ ಹಚ್ಚಲು ಕೂರಿಸಿದರು. ಎಣ್ಣೆಯ ಬಟ್ಟಲು ಹಿಡಿದಿದ್ದ ಮಗಳ ಕೈಯನ್ನು ತಮ್ಮ ಮೂಗಿನ ಹತ್ತಿರ ತಂದರು. ವಾರಿಜಾ ಕೈ ಎಳೆದುಕೊಳ್ಳಲು ನೋಡಿದಳು. ಒಳಗಿದ್ದ ಭಟ್ಟರು ಕೆಮ್ಮಿದರು. ಅಮ್ಮ ಇಬ್ಬರನ್ನೂ ನೋಡಲಿಲ್ಲ. ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಸೀಗೆಪುಡಿ ಹಾಕಿ ಒಂದೊಂದೇ ಬೆರಳನ್ನು ತಿಕ್ಕಿ ತಿಕ್ಕಿ ತೊಳೆದರು.

ಹೊರಡುವ ದಿನ ಬೆಳಗ್ಗೆ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಒಂದು ಬಟ್ಟೆಯ ಗಂಟು ಇಟ್ಟರು. ಬಿಚ್ಚಿದರೆ ಆಗಷ್ಟೇ ಕುಟ್ಟಿದ ಸೀಗೆಪುಡಿ.

"ಮುಗಿದ್ರೆ ಕಾಗದ ಬರೆ" ಎಂದು ಅಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದರು.