ಪ್ರಭಾವತಿಯ ಪದ್ಯ

ಭುಜಬಲಿಯವರಿಗೆ ಕುಳಿತಲ್ಲಿ ಕೂರಲು ಆಗುತ್ತಿರಲಿಲ್ಲ. ಬೆಳ್ತಂಗಡಿಯ ಆ ಸಭಾಭವನದಲ್ಲಿ ಆಹ್ವಾನಿತ ಕವಿಗಳ ಸರದಿ ಮುಗಿಯುವಂತೆ ಕಾಣಲಿಲ್ಲ. ಮೂರನೆಯವರು "ಕೊನೆಯದಾಗಿ ಒಂದು" ಎಂದು ಹೇಳಿ ನಾಲ್ಕು ಓದಿದ್ದರು. ಕವಿಗಳೆಲ್ಲ ಇಳಿದ ಮೇಲೆಯೇ ಸಭಿಕರಿಗೆ ಮೈಕು. ಅಳದಂಗಡಿಯಿಂದ ಇವರು ಬಂದದ್ದೇ ಅದಕ್ಕೆ: ಕಾರ್ತಿಕದಲ್ಲಿ ತೀರಿಹೋದ ಹೆಂಡತಿ ಪ್ರಭಾವತಿಯ ಒಂದು ಪದ್ಯವನ್ನು ಹತ್ತು ಜನರ ಕಿವಿಗೆ ಹಾಕಬೇಕು. ಅವಳು ಒಲೆಯ ಮುಂದೆ ಪದ್ಯ ಕಟ್ಟುವವಳು, ಬರೆದಿಡುವವಳಲ್ಲ. ಉಳಿದದ್ದು ಇದೊಂದೇ, ಅದೂ ಇವರ ಬಾಯಲ್ಲಿ. ಎಪ್ಪತ್ತು ದಾಟಿದ ನೆನಪನ್ನು ಎಷ್ಟು ದಿನ ನಂಬುವುದು?

ಹೆಸರು ಕೊಡಲು ಹೋದಾಗ ನಿರೂಪಣೆಯ ಹುಡುಗಿ ಮೋಕ್ಷಿತಾ, "ಸ್ವರಚಿತ ಮಾತ್ರ ಅಜ್ಜ. ಕಳೆದ ಸಲ ಒಬ್ಬರು ಯಾರದ್ದೋ ಪದ್ಯ ಓದಿ ದೊಡ್ಡ ಗಲಾಟೆ ಆಯ್ತು. ನಿಮ್ಮದೇ ತಾನೆ?" ಎಂದು ಕೇಳಿದ್ದಳು. ಇವರು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ನೆರೆಮನೆಯ ಮುಂಡಪ್ಪ, "ಮತ್ತೆ ಯಾರದ್ದು? ಅವರದ್ದೇ" ಎಂದುಬಿಟ್ಟಿದ್ದ.

"ನೀನು ಹಾಗೆ ಹೇಳಬಾರದಿತ್ತು ಮುಂಡಪ್ಪ."

"ಅದರಲ್ಲಿ ಎಂಥದ್ದುಂಟು ಮಾರಾಯ್ರೆ? ಅಷ್ಟು ವರ್ಷ ಅವರ ಕೈಯ ಅನ್ನ ಉಂಡಿದ್ದೀರಿ. ಒಂದು ಪದ್ಯ ನಿಮ್ಮದಾಗ್ಲಿಕ್ಕಿಲ್ವಾ?"

"ಕೊಡದ್ದನ್ನು ತೆಗೆದುಕೊಳ್ಳುವುದಿಲ್ಲವೆಂದು ಬಸದಿಯಲ್ಲಿ ವ್ರತ ಹಿಡಿದವ ನಾನು."

"ಹಾಗಾದ್ರೆ ಎದ್ದು ಹೋಗುವ. ನಿಮಗೆ ಹೊತ್ತು ಮುಳುಗುವ ಮೊದಲು ಊಟವೂ ಆಗಬೇಕಲ್ಲ."

ಕಿಟಕಿಯ ಬಿಸಿಲು ಆಗಲೇ ಹಳದಿಯಾಗಿತ್ತು. ಎದ್ದು ಹೋದರೆ ಪದ್ಯ ಹೋಯಿತು. ನಿಜ ಹೇಳಿದರೆ ಮೈಕು ಹೋಯಿತು. ತನ್ನದೆಂದರೆ ಅವಳೇ ಹೋದಳು. ಭುಜಬಲಿಯವರು ಅರ್ಧ ಎದ್ದರು, ಕುಳಿತರು, ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಮನಸ್ಸಿನಲ್ಲಿ ಣಮೋಕಾರ ಮಂತ್ರ ಹೇಳಿಕೊಳ್ಳಹೊರಟರೆ ಅದು ಅರ್ಧಕ್ಕೆ ನಿಂತು ಪದ್ಯವೇ ಬಾಯಿಗೆ ಬಂತು.

"ಮುಂದಿನವರು ಅಳದಂಗಡಿಯ ಭುಜಬಲಿಯವರು. ಸ್ವರಚಿತ ಕವನ."

ಕಾಲು ತಾನಾಗಿ ನಡೆಯಿತು. ಏನು ಹೇಳುವುದೆಂದು ನಿಶ್ಚಯವಾಗುವ ಮೊದಲೇ ನಾಲಿಗೆ ಶುರುಮಾಡಿತು: "ಹೊತ್ತು ಮುಳುಗುವ ಮೊದಲು ಉಣ್ಣಬೇಕು ನನ್ನ ಗಂಡ..."

ಸಭೆ ಗೊಳ್ಳೆಂದಿತು. ಮುಂಡಪ್ಪ ಹಣೆ ಚಚ್ಚಿಕೊಂಡ. ಅಷ್ಟೆಲ್ಲ ಯೋಚಿಸಿದವರಿಗೆ ಇದೊಂದು ಹೊಳೆದಿರಲಿಲ್ಲ.

"ಅಜ್ಜಾ, ನಿಮ್ಮ ಗಂಡ ಯಾರು?" ಹಿಂದಿನಿಂದ ಯಾರೋ ಕೂಗಿದರು.

"ನಾನೇ," ಎಂದರು ಭುಜಬಲಿಯವರು. ನಗು ಇನ್ನೂ ಏರಿತು. ಅದು ಇಳಿಯುವವರೆಗೆ ಕಾದರು. "ಪದ್ಯ ನನ್ನದಲ್ಲ. ನನ್ನ ಹೆಂಡತಿಯದ್ದು. ಇಳಿ ಎಂದರೆ ಇಳಿಯುತ್ತೇನೆ."

ಮೋಕ್ಷಿತಾ ಬಳಿಗೆ ಬಂದಳು. "ಅವರೇ ಬಂದು ಓದಬಹುದಿತ್ತಲ್ಲ ಅಜ್ಜ?"

"ಬರುವ ಹಾಗಿಲ್ಲ ಮಗಾ. ಕಾರ್ತಿಕದಲ್ಲಿ ಹೋದಳು."

ಮೋಕ್ಷಿತಾ ಮೈಕನ್ನು ಅವರ ಎತ್ತರಕ್ಕೆ ಸರಿಮಾಡಿದಳು. "ಅವರ ಹೆಸರು ಹೇಳಿ. ಆಮೇಲೆ ಮೊದಲಿನಿಂದ ಓದಿ."

"ಪ್ರಭಾವತಿ," ಎಂದರು. ಆಮೇಲೆ ಮೊದಲಿನಿಂದ ಹೇಳಿದರು.

"ಹೊತ್ತು ಮುಳುಗುವ ಮೊದಲು ಉಣ್ಣಬೇಕು ನನ್ನ ಗಂಡ,
ಗಡಿಬಿಡಿಯಲಿ ಸಾರಿನ ಮೇಲೆ ಮಜ್ಜಿಗೆ ಸುರಿದುಕೊಂಡ.
ನಿಲ್ಲು ಸೂರ್ಯ, ಒಂದು ಗಳಿಗೆ, ಕದ್ದು ಓಡಬೇಡ,
ಬಡಿಸುವವಳು ಉಂಡಿಲ್ಲ ಇನ್ನೂ, ನೀನೂ ಗಂಡಸು ನೋಡ."

ಹೆಂಗಸರ ಕಡೆಯಿಂದ ಮೊದಲು ಚಪ್ಪಾಳೆ ಬಂತು. ಮುಂದಿನ ಸಾಲಿನ ಇಬ್ಬರು ಕೊನೆಯ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು, ಸ್ವಲ್ಪ ತಪ್ಪಾಗಿ. ಭುಜಬಲಿಯವರು ತಿದ್ದಿಕೊಡಲು ವೇದಿಕೆಯ ಅಂಚಿಗೆ ಬಂದು ಬಾಗಿದರು.