ಭೋಗ್ಯದ ದುಡ್ಡು ನಿಮ್ಮದಲ್ಲ

ಯಲಹಂಕದಿಂದ ಗೊರಗುಂಟೆಪಾಳ್ಯದ ಕಡೆಗೆ ದಿನವೂ ಕಂಪನಿ ಬಸ್ ಓಡಿಸುವವನ ಎಡಮಂಡಿ ಐವತ್ತಕ್ಕೆ ಮೊದಲೇ ಮುದಿಯಾಗುತ್ತದೆ. ಆ ಟ್ರಾಫಿಕ್ಕಿನಲ್ಲಿ ಮಾರಿಗೊಮ್ಮೆ ಕ್ಲಚ್ ತುಳಿಯಬೇಕು. ಕ್ಲಚ್ ಸವೆದರೆ ಮಾಲೀಕರು ಹೊಸ ಕ್ಲಚ್ ಹಾಕಿಸುತ್ತಾರೆ. ಮಂಡಿ ಸವೆದರೆ ಹೊಸ ಡ್ರೈವರನ್ನು ಹಾಕಿಕೊಳ್ಳುತ್ತಾರೆ.

ಅಂಥದೇ ಬಸ್ಸಿನ ಡ್ರೈವರ್ ಮಹೇಂದ್ರನಿಗೆ ನಲವತ್ತೆಂಟು. ಮೆಟ್ಟಿಲು ಇಳಿಯಬೇಕಾದರೆ ಗೋಡೆ ಹಿಡಿಯುವಂತಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅಕ್ಕ ಜಯಾ ಮನೆಗೆ ಬಂದಾಗ ಅವನು ಹೇಳಿಯೇಬಿಟ್ಟ.

“ಅಕ್ಕಾ, ನಾಳೆ ಕೆಲಸ ಬಿಡ್ತಿದ್ದೀನಿ. ಸಾಕಾಯ್ತು.”

“ಬಿಟ್ಟು?”

“ಬಿಟ್ಟು ಏನು, ಮನೇಲಿರ್ತೀನಿ. ಎಲ್ಲಾ ಸೇರಿ ಮೂವತ್ತಾರು ಲಕ್ಷ ಐತೆ. ತಿಂಗಳಿಗೆ ಇಪ್ಪತ್ತೊಂದು ಸಾವಿರ ಬಡ್ಡಿ ಬತ್ತದೆ. ಮನೆಗೆ ಇಪ್ಪತ್ತು ಸಾಕು. ಉಳಿದಿದ್ದರಲ್ಲಿ ನಿನಗೊಂದು ಸೀರೆ ಕೊಡಿಸ್ತೀನಿ ಬಿಡು.”

ಜಯಾ ನಗಲಿಲ್ಲ. ತಮ್ಮ ಬೀದಿಯ ಹೆಂಗಸರ ಸಂಘದ ಲೆಕ್ಕ ನೋಡುವವಳು ಅವಳು. “ಅಷ್ಟೊಂದು ಎಲ್ಲಿಂದ ಬಂತೋ?”

“ಪಿ.ಎಫ್. ಸೇರಿ ನಂದು ಹದಿನಾರು. ಮೇಲಿನ ಎರಡು ಮನೆ ಭೋಗ್ಯಕ್ಕೆ ಕೊಟ್ಟಿದ್ದೀನಲ್ಲ, ಅದು ತಲಾ ಹತ್ತು.”

ಭೋಗ್ಯ ಎಂದರೆ ಒಂದೇ ಸಲ ದೊಡ್ಡ ಮೊತ್ತ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಮನೆಯಲ್ಲಿರುವುದು. ಮನೆ ಬಿಡುವಾಗ ಮಾಲೀಕ ಅಷ್ಟೂ ಹಣ ವಾಪಸ್ ಕೊಡಬೇಕು. ಇದು ಬೆಂಗಳೂರಿನಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುತ್ತೇವೆ.

ಅಷ್ಟರಲ್ಲಿ ಮೇಲಿನ ಮನೆಯ ಗುಲಾಮ್ ರಸೂಲ್ ಬಾಗಿಲಲ್ಲಿ ನಿಂತರು. ಆರ್.ಟಿ. ನಗರದಲ್ಲಿ ಸೋಫಾ ರಿಪೇರಿ ಮಾಡುವವರು.

“ಮಹೇಂದ್ರಣ್ಣ, ಮುಂದಿನ ತಿಂಗಳು ಅಗ್ರಿಮೆಂಟ್ ಮುಗೀತದೆ. ನಾವು ಮನೆ ಬಿಡ್ತೀವಿ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿದೆ, ಫೀಸ್ ಕಟ್ಬೇಕು. ನಮ್ ದುಡ್ಡು ರೆಡಿ ಮಾಡ್ಕೊಳ್ಳಿ.”

ಮಹೇಂದ್ರನ ಮುಖ ಇಳಿಯಿತು. “ಅಯ್ಯೋ ಭಾಯ್, ಇನ್ನೊಂದ್ ವರ್ಷ ಇರಿ. ಎಫ್.ಡಿ.ಲಿ ಇಟ್ಟಿದ್ದೀನಿ. ಈಗ್ಲೇ ಮುರಿಸಿದ್ರೆ ನನ್ ಬಡ್ಡಿ ಹೋಗುತ್ತೆ.”

“ನಿಮ್ ಬಡ್ಡಿಗೋಸ್ಕರ ನನ್ ಮಗಳು ಒಂದ್ ವರ್ಷ ಕಾಯ್ಬೇಕಾ ಅಣ್ಣ?”

“ಹಂಗಲ್ಲ. ಬೇರೆಯವರು ಭೋಗ್ಯಕ್ಕೆ ಬರ್ಲಿ, ಅವರ ದುಡ್ಡು ಇಸ್ಕೊಂಡು ನಿಮಗೆ ಕೊಡ್ತೀನಿ.”

“ಯಾರೂ ಬರ್ದಿದ್ರೆ?”

ಗುಲಾಮ್ ರಸೂಲ್ ಉತ್ತರಕ್ಕೆ ಕಾಯದೆ ಮೇಲೆ ಹೊರಟುಹೋದರು.

“ನೀನು ಕೂತು ತಿನ್ನೋಕೆ ಹೊರಟಿರೋದು ಆ ಹುಡುಗಿ ಫೀಸನ್ನ ಕಣೋ,” ಎಂದಳು ಜಯಾ.

“ಹಂಗಾದ್ರೆ ಸಾಯೋ ತನಕ ಕ್ಲಚ್ ತುಳೀಲಾ?” ಮಹೇಂದ್ರ ಕಿರುಚಿದ. “ಎಂಥೆಂಥವರೋ ನಲವತ್ತಕ್ಕೇ ಕೆಲಸ ಬಿಡ್ತಾರೆ. ಮೊಬೈಲಲ್ಲಿ ನೋಡಿದ್ದೀನಿ!”

“ಬಿಡಬೇಡ ಅಂದ್ನಾ? ಲೆಕ್ಕ ಹಾಕಿ ಬಿಡು ಅಂದೆ. ಮೊದ್ಲು ನಿಂದಲ್ಲದ್ದು ಕಳಿ. ಎಷ್ಟುಳೀತು?”

“ಹದಿನಾರು.”

“ಮನೆ ಖರ್ಚು?”

“ಇಪ್ಪತ್ತು ಸಾವಿರ ಅಂದ್ನಲ್ಲ.”

ಒಳಗಿನಿಂದ ಅವನ ಹೆಂಡತಿ ವಂದನಾ ಸೌಟು ಹಿಡಿದೇ ಬಂದಳು. “ಇಪ್ಪತ್ತಾ? ರೀ, ನೀವು ಯಾರ ಮನೇಲಿದ್ದೀರಿ? ನಮ್ ಮಗಳು ಚೈತ್ರನ ಕಾಲೇಜ್ ಫೀಸು ಯಾರು ಕಟ್ಟೋದು? ಗೌರಿ ಹಬ್ಬ, ಮದುವೆ ಮುಯ್ಯಿ, ಗಾಡಿ ರಿಪೇರಿ, ನಿಮ್ ಮಂಡಿ ಮಾತ್ರೆ? ವರ್ಷದ್ದೆಲ್ಲ ಸೇರ್ಸಿ ತಿಂಗಳಿಗೆ ಹಂಚಿದ್ರೆ ಮೂವತ್ತು ಸಾವಿರ.”

“ಕೇಳಿಸ್ಕೊಂಡ್ಯಾ?” ಎಂದಳು ಜಯಾ. “ಭೋಗ್ಯ ವಾಪಸ್ ಕೊಟ್ಟು ಎರಡೂ ಮನೆ ಬಾಡಿಗೆಗೆ ಕೊಡು. ಖಾಲಿ ಬೀಳೋದು, ಸುಣ್ಣಬಣ್ಣ, ಕಂದಾಯ ಎಲ್ಲಾ ಕಳೆದು ತಿಂಗಳಿಗೆ ಹದಿನೈದು ಸಾವಿರ ಕೈಗೆ ಬರುತ್ತೆ ಅಂತಿಟ್ಕೋ. ಇನ್ನೂ ಹದಿನೈದು ಕೊರತೆ. ವರ್ಷಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ. ಎಂಬತ್ತರ ತನಕ ಬದುಕ್ತೀಯ ಅಂದ್ರೆ ಇನ್ನು ಮೂವತ್ತೆರಡು ವರ್ಷ. ಗುಣಿಸು.”

ಮಹೇಂದ್ರ ಮೊಬೈಲಿನಲ್ಲಿ ಗುಣಿಸಿದ. ಹತ್ತಿರ ಹತ್ತಿರ ಐವತ್ತೆಂಟು ಲಕ್ಷ ಬಂತು. ಮತ್ತೆ ಗುಣಿಸಿದ. ಅಷ್ಟೇ ಬಂತು.

“ಬಡ್ಡಿ ಸೇರಿಸ್ಲೇ ಇಲ್ವಲ್ಲ ಅಕ್ಕಾ.”

“ಬಡ್ಡಿ ಬರುತ್ತೆ. ಅಕ್ಕಿ, ಬೇಳೆ, ಗ್ಯಾಸು ಎಲ್ಲದರ ರೇಟೂ ಏರುತ್ತೆ. ಅದು ಇದಕ್ಕೆ ಸರಿಹೋಯ್ತು ಅಂತ್ಲೇ ಹಿಡೀಬೇಕು. ಆಸ್ಪತ್ರೆ ದುಡ್ಡು ಬೇರೆ ಎತ್ತಿಡ್ಬೇಕು.”

ಮಹೇಂದ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಇಪ್ಪತ್ತೆರಡು ವರ್ಷ ದುಡಿದವನು ಬೇಕಾದ್ದರಲ್ಲಿ ಕಾಲು ಭಾಗದ ಸ್ವಲ್ಪ ಮೇಲೆ ನಿಂತಿದ್ದ.

ಜಯಾ ದನಿ ತಗ್ಗಿಸಿದಳು. “ಐವತ್ತೈದಕ್ಕೆ ಬಿಡು. ಅಷ್ಟರಲ್ಲಿ ಚೈತ್ರನ ಓದು ಮುಗಿದು ಕೊರತೆ ಹತ್ತು ಸಾವಿರಕ್ಕೆ ಇಳಿಯುತ್ತೆ. ಆಮೇಲೆ ಇಪ್ಪತ್ತೈದು ವರ್ಷಕ್ಕೆ ಮೂವತ್ತು ಲಕ್ಷ ಸಾಕು. ಅಲ್ಲೀವರೆಗೆ ಸಂಬಳದಲ್ಲೇ ಮನೆ ನಡೆಸಿ, ಬಾಡಿಗೆ ಮುಟ್ಟದೆ ಬ್ಯಾಂಕಿಗೆ ಕಟ್ಟಿದ್ರೆ ಏಳು ವರ್ಷಕ್ಕೆ ಹನ್ನೆರಡೂವರೆ ಲಕ್ಷ. ನಿನ್ನ ಹದಿನಾರಿದೆ. ಪಿ.ಎಫ್. ಇನ್ನೂ ಬೆಳೆಯುತ್ತೆ. ಮುಟ್ಟುತ್ತೆ ಕಣೋ.”

“ಈ ಮಂಡೀಲಿ ಏಳು ವರ್ಷನಾ ಅಕ್ಕಾ?”

“ಸ್ಟೇರಿಂಗ್ ಬಿಡು, ಸಂಬಳ ಬಿಡ್ಬೇಡ. ಬಸ್ ಶೆಡ್ಡಲ್ಲಿ ಕೂತು ಟ್ರಿಪ್ ಬರೆಯೋ ಕೆಲಸ ಕೇಳು.”

“ನಾಲ್ಕು ಸಾವಿರ ಕಮ್ಮಿ ಕೊಡ್ತಾರೆ.”

“ಕೊಡ್ಲಿ,” ಎಂದಳು ವಂದನಾ. “ನಾನು ನೋಡ್ಕೋತೀನಿ. ಮೊದ್ಲು ಡಾಕ್ಟರ್ ಹತ್ರ ನಡೀರಿ.”

ಸೋಮವಾರ ಮಹೇಂದ್ರ ಮೊದಲು ಬ್ಯಾಂಕಿಗೆ ಹೋಗಿ ಎಫ್.ಡಿ. ಮುರಿಸಿದ. ಒಂದಿಷ್ಟು ಬಡ್ಡಿ ಹೋಯಿತು. ಸಂಜೆ ಹತ್ತು ಲಕ್ಷದ ಚೆಕ್ಕನ್ನು ಗುಲಾಮ್ ರಸೂಲರ ಕೈಗಿಟ್ಟ. ಇನ್ನೊಂದು ಮನೆಯವರ ಹತ್ತು ಲಕ್ಷವನ್ನು, ಅವರ ಅಗ್ರಿಮೆಂಟ್ ಮುಗಿದಾಗ ಕೊಡಲೆಂದು, ಬೇರೆ ಖಾತೆಗೆ ಹಾಕಿ, ಅದರ ಪಾಸ್‌ಬುಕ್ ವಂದನಾಗೆ ಕೊಟ್ಟ. ಶೆಡ್ಡಿನ ಕೆಲಸಕ್ಕೆ ಮೂರು ಸಲ ಅಲೆಯಬೇಕಾಯಿತು. ಮೂರನೇ ಸಲ ಕೊಟ್ಟರು.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಸೈಟು ಮಾರಿಸಲು ಮನೆ ಬಾಗಿಲಿಗೆ ನೂರು ಜನ ಬರುತ್ತಾರೆ. ಎಷ್ಟಿದ್ದರೆ ಕೆಲಸ ಬಿಡಬಹುದು ಎಂದು ಹೇಳಲು ಒಬ್ಬನೂ ಬರುವುದಿಲ್ಲ. ಎ.ಸಿ. ರೂಮಿನಲ್ಲಿ ಕೂತವರಿಗಿಂತ ಮೊದಲು ಈ ಲೆಕ್ಕ ಬೇಕಾದ್ದು ನಮಗೆ, ಯಾಕೆಂದರೆ ಮೊದಲು ಬೀಳುವುದು ನಮ್ಮ ಮೈ. ಆದ್ದರಿಂದ ಬೇರೆಯವರ ದುಡ್ಡನ್ನು ಮೊದಲು ಬದಿಗಿಡಿ. ವರ್ಷದ ನಿಜವಾದ ಖರ್ಚು ಎಷ್ಟೆಂದು ಮನೆ ನಡೆಸುವವರನ್ನು ಕೇಳಿ. ಖಂಡಿತ ಬರುವ ಬಾಡಿಗೆ ಕಳೆಯಿರಿ. ಉಳಿದ ಕೊರತೆಯನ್ನು ಎಂಬತ್ತರ ತನಕ ಇರುವ ವರ್ಷಗಳಿಂದ ಗುಣಿಸಿ. ಇದು ಅಂದಾಜಷ್ಟೇ, ಹಣ ತೆಗೆಯುವ ಮುಂಚೆ ಬ್ಯಾಂಕಿನಲ್ಲೂ ವಿಚಾರಿಸಿ. ಬಂದ ಮೊತ್ತ ನೋಡಿ ಹೆದರಿಕೆಯಾಗುತ್ತದೆ. ಆಗಲಿ. ನಿಮಗಿನ್ನೂ ಮೂವತ್ತಾಗಿಲ್ಲವಾ? ಹಾಗಾದರೆ ಇವತ್ತೇ ಕೂತು ಹೆದರಿ, ಇವತ್ತೇ ಕಟ್ಟಲು ಶುರುಮಾಡಿ.