ಬಚ್ಚಲುಮನೆಯ ಕೆಂಪು

ಬೇಕರಿಯವನ ಅತ್ತಿಗೆ ಬಚ್ಚಲುಮನೆಯಲ್ಲಿ ಕೆಂಪು ಪಾಚಿ ಬೆಳೆಸತೊಡಗಿದ ಮೇಲೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿಯ ಸ್ನಾನವಿರಲಿಲ್ಲ. ಗೋಡೆಗುಂಟ ಉಪ್ಪುನೀರಿನ ಗಾಜಿನ ಜಾಡಿಗಳು, ಅವುಗಳ ನೆತ್ತಿಗೆ ದೀಪ, ಸದಾ ಗುಳುಗುಳು ಎನ್ನುವ ಗಾಳಿಯ ಪಂಪು.

"ನಾನು ಮೈ ತೊಳ್ಕೊಳ್ಳೋದನ್ನ ಇವೆಲ್ಲ ಪಿಳಿಪಿಳಿ ನೋಡ್ತಾವೆ ಕಣೇ," ಎಂದು ಅವಳ ಅತ್ತೆ ಗೊಣಗಿದರು.

"ಪಾಚಿಗೆ ಕಣ್ಣಿಲ್ಲ ಅತ್ತೆ."

"ನಿಂಗಿದ್ಯಲ್ಲ! ಸೋಪಿನ ನೊರೆ ಜಾಡಿಗೆ ಹಾರುತ್ತೆ ಅಂತ ಬಾಗಿಲಲ್ಲೇ ಕಾವಲು ನಿಂತಿರ್ತೀಯ."

ಇಷ್ಟೂ ಪಾಡು ಮೈದುನನಿಗಾಗಿ. ಅವನು 'ಇಲ್ಲಿ ನೈಸರ್ಗಿಕ ಬಣ್ಣ ಮಾತ್ರ' ಎಂದು ಅಂಗಡಿಗೆ ಬೋರ್ಡು ಹಾಕಿಸಿದ ಮೇಲೆ, ಆ ಬಣ್ಣ ಎಲ್ಲಿ ಸಿಗುತ್ತದೆಂದು ತಲೆ ಕೆರೆದುಕೊಂಡಿದ್ದ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾಗಿ, ಸುಮ್ಮನೆ ಕೂತು ಬೇಸತ್ತಿದ್ದ ಅತ್ತಿಗೆ ಟೊಂಕ ಕಟ್ಟಿ ನಿಂತಳು. ಪಾಚಿ ಹುಲುಸಾಗಿ ಬೆಳೆಯಿತು. ಸೋಸಿ, ಅರೆದು, ಬಟ್ಟೆಯಲ್ಲಿ ಹಿಂಡಿದರೆ ನಾಚಿದ ಕೆನ್ನೆಯಂಥ ರಸ.

ಮೊದಲ ಕೇಕು ಒಲೆಯೊಳಗೆ ಹೋದಾಗ ಗುಲಾಬಿಯಾಗಿತ್ತು. ಹೊರಗೆ ಬಂದಾಗ ನೆಲ ಒರೆಸುವ ಬಟ್ಟೆಯ ಬಣ್ಣ.

"ಅತ್ತಿಗೆ! ನಾಳೆ ಮದುವೆಯವರಿಗೆ ಏನಂತ ಕೊಡ್ಲಿ ಇದನ್ನ?"

"ಶಾಖ ತಾಗಿದ್ರೆ ಬಣ್ಣ ಸಾಯುತ್ತೆ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರಿ. ಆದ್ರೆ ಪಾಠದ ಥರ ಹೇಳಿದ್ರಿ, ನಂಗೆ ನಿದ್ದೆ ಬಂತು."

ಅತ್ತೆ ನಡುವೆ ಬಾಯಿ ಹಾಕಿದರು: "ಒಲೆ ಸಹವಾಸ ಯಾಕೋ? ಬಿಳೀ ಕೇಕು ಮಾಡು. ಬಣ್ಣಾನ ತಣ್ಣನೆ ಕೆನೆಗೆ ಕಲಸಿ ಮೇಲೆ ಬಳಿ."

ಹಾಗೇ ಮಾಡಿದರು. ಮರುದಿನ ಮಧ್ಯಾಹ್ನ ಮದುವೆಯ ಹಾಲ್‌ನಲ್ಲಿ ಕೇಕು ಕತ್ತರಿಸಿ, ಎಲ್ಲರೂ ತಿಂದು ಹೊಗಳಿದ್ದೂ ಆಯಿತು. ಆಮೇಲೆ ಕುಣಿತಕ್ಕೆಂದು ಪರದೆ ಎಳೆದು ನೀಲಿ ದೀಪ ಹಾಕಿದರು.

ತಟ್ಟೆಯಲ್ಲಿ ಉಳಿದ ಕೇಕು ಕೆಂಡದ ಹಾಗೆ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ಮದುಮಗಳ ತುಟಿ ಹೊಳೆಯಿತು. ಮದುಮಗನ ತಾತನ ಮೀಸೆಯ ಒಂದು ಪಕ್ಕ ಹೊಳೆಯಿತು. ಯಾರೋ ಕಿಟಾರನೆ ಕಿರುಚಿದರು. ಬೇಕರಿಯವನು ಮೇಜಿನ ಕೆಳಗೆ ನುಸುಳಿದ.

ಅತ್ತಿಗೆ ಮಾತ್ರ ಚಪ್ಪಾಳೆ ತಟ್ಟಿದಳು. "ನೀಲಿ ಬೆಳಕಿಗೆ ಇದರ ಗುಣವೇ ಹಾಗೆ! ಹೆದರ್ಬೇಡಿ, ಏನೂ ಆಗಲ್ಲ!"

ಮದುಮಗಳು ಕನ್ನಡಿಯ ಮುಂದೆ ಹೋಗಿ ನಾಲಿಗೆ ಚಾಚಿದಳು. ಕ್ಷಣ ನೋಡಿ, ಬಿದ್ದು ಬಿದ್ದು ನಕ್ಕಳು. ಅಷ್ಟೇ ಸಾಕಾಯಿತು. ಬೀಗರೆಲ್ಲ ಗಾಂಭೀರ್ಯ ಬಿಟ್ಟು ಒಬ್ಬರಿಗೊಬ್ಬರು ನಾಲಿಗೆ ತೋರಿಸುತ್ತ ಕುಣಿದರು. ಮೀಸೆಯ ಇನ್ನೊಂದು ಪಕ್ಕಕ್ಕೂ ಬೇಕೆಂದು ತಾತ ಮತ್ತೊಂದು ತುಂಡು ಕೇಳಿದರು.

ಗದ್ದಲ ನಗುವಾದದ್ದು ಕೇಳಿ ಬೇಕರಿಯವನು ಮೆಲ್ಲಗೆ ಹೊರಬಂದು ಅಂಗಿ ಕೊಡವಿಕೊಂಡ.

"ಸ್ಪೆಷಲ್ ಐಟಂ ಸಾರ್. ಬೇಕಂತಲೇ ಮಾಡಿದ್ದು."

ಅತ್ತಿಗೆ ಎಲ್ಲರೆದುರಿಗೇ ಅವನ ಕಿವಿ ಹಿಡಿದಳು.

"ಅಯ್ಯಯ್ಯೋ, ಬಿಡಿ! ನಮ್ಮತ್ತಿಗೆ ಮಾಡಿದ್ದು, ನಮ್ಮತ್ತಿಗೆ!"